ಕಂಪ್ಯೂಟರಿಗೆ ನಮ್ಮ ಕನ್ನಡ ಕಲಿಸಿದ ಸುಜಾತಾ

ನಂಬಲಾಗುತ್ತಿಲ್ಲ...

ಬೆಳಿಗ್ಗೆ ಸ್ಟಾಫ್ ರೂಮಿನಲ್ಲಿ ಕೂತಿದ್ದೆ.
ಮೊಬೈಲ್ ಮೆಸೇಜ್ ಓದಿ ಹೇಳಿತು...
"ಸುಜಾತಾ ಹೋದಳು."
ಮತ್ತೆ ಓದಿಸಿದೆ. ಅದೇ.
ಸೊಲ್ಲಾಪುರದ ಆಸ್ಪತ್ರೆಗೆ ಮತ್ತೆ ಹೋಗಿರಬೇಕು ಅಂದುಕೊಂಡೆ...
ಅವಳ ಗಂಡ ಮಿಲಿಂದನಿಗೆ ಫೋನ್ ಹಚ್ಚಿದೆ.
"ಮುಗೀತ್ರೀ ಸರ... ನಸುಕಿನ್ಯಾಗ" ಎಂದ.


ಅವಳನ್ನು ಅರಿಯದವರಿಗಾಗಿ ಬರೆಯುತ್ತಿದ್ದೇನೆ.

ನಾನು ಬಸವನ ಬಾಗೇವಾಡಿಯ ಹೈಸ್ಕೂಲ್ ಮಾಸ್ತರ. ನಡುವಯಸ್ಸಿನಲ್ಲಿ ಎರಡೂ ಕಣ್ಣು ಹೋದವು. ರಾಜೀನಾಮೆ ಕೊಡಿ ಎಂದು ಹಿತೈಷಿಗಳೇ ಹೇಳುತ್ತಿದ್ದ ಕಾಲ.
ಸುಜಾತಾಳ ತವರು ನಮ್ಮೂರು. ಕೊಟ್ಟಿದ್ದು ಇಂಡಿಗೆ. ಅಲ್ಲಿ ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನರ್.
ಅಣ್ಣನ ಮಗಳ ಟಿಸಿ ಒಯ್ಯಲು ಶಾಲೆಗೆ ಬಂದವಳು ನನ್ನ ಕಂಪ್ಯೂಟರ್ ಪರದೆಯ ಮೇಲಿನದನ್ನೆಲ್ಲ ಓದಿ ಹೇಳುವುದನ್ನು ಕೇಳಿ ನಿಂತಳು.

"ಸರ, ಇದು ಕನ್ನಡ ಮಾತಾಡಾಂಗಿಲ್ಲೇನ್ರಿ?"
"ಮಾತಾಡತೈತವ್ವಾ, ತಪ್ಪ್ ತಪ್ಪ್. ಮೆನು ಎಲ್ಲಾ ಇಂಗ್ಲಿಷ್."
"ಇದನ್ನ ಯಾರ್ ಮಾಡ್ತಾರ್ರಿ?"
"ಈ ಓದಿ ಹೇಳೋ ಸಾಫ್ಟ್‌ವೇರ್ ಓಪನ್ ಸೋರ್ಸ್ ಐತಿ. ಯಾರ್ ಬೇಕಾದ್ರೂ ತಿದ್ದಬಹುದು, ಪುಕ್ಕಟೆ ಬಳಸಬಹುದು."
"ಹಂಗಾದ್ರ ನಾ ಮಾಡ್ತೇನ್ರಿ."

ಸುಮ್ಮನೆ ಅಂದಳು ಎಂದುಕೊಂಡಿದ್ದೆ...
ಮಾಡಿಯೇಬಿಟ್ಟಳು.

ಅಂಗಡಿಯ ಕೆಲಸ ಮುಗಿಸಿ ಒಂದೊಂದೇ ಮೆನು ಕನ್ನಡಕ್ಕೆ ತಂದಳು. ಪ್ರತಿ ಶಬ್ದವನ್ನೂ ಫೋನಿನಲ್ಲಿ ನನಗೆ ಓದಿ ಹೇಳುವಳು. "ಕೇಳಿದ ಕೂಡ್ಲೇ ತಿಳಿಬೇಕ್ರಿ ಸರ, ಇಲ್ಲಂದ್ರ ಬ್ಯಾಡ."
ಕನ್ನಡದ ಪದಗಳು ಬಟನ್‌ನಲ್ಲಿ ಹಿಡಿಸುತ್ತಿರಲಿಲ್ಲ. ಮಂದದೃಷ್ಟಿಯವರಿಗೂ ಕಾಣುವಂತೆ ದೊಡ್ಡ ಬಟನ್ ಡಿಸೈನ್ ಮಾಡಿ ಕಳಿಸಿದಳು... ಸಾಫ್ಟ್‌ವೇರ್ ನೋಡಿಕೊಳ್ಳುವವರು ಒಪ್ಪಿದರು.

ಒತ್ತಕ್ಷರ ಅಳಿಸಿದರೆ ಯಾವ ಅಕ್ಷರ ಹೋಯಿತೆಂದು ಕಂಪ್ಯೂಟರ್ ಹೇಳುತ್ತಿರಲಿಲ್ಲ. ಈ ದೋಷವನ್ನು ಅವರಿಗೆ ಬರೆದು ಬಗ್ ರಿಪೋರ್ಟ್ ಮಾಡಿದಳು. "ನಮ್ಮಲ್ಲಿ ಹಾಗೆ ಆಗುತ್ತಿಲ್ಲ" ಎಂದು ಎಲ್ಲೋ ದೂರದ ದೇಶದವರು ರಿಪೋರ್ಟನ್ನೇ ಮುಚ್ಚಿಬಿಟ್ಟರು.
ಇವಳು ಇಂಡಿಯಿಂದ ಬಸ್ ಹತ್ತಿ ನಮ್ಮ ಶಾಲೆಗೇ ಬಂದಳು. ನಾನು ಟೈಪ್ ಮಾಡಿ ಅಳಿಸುವಾಗ ಕಂಪ್ಯೂಟರ್ ತಪ್ಪುವುದನ್ನು ವಿಡಿಯೋ ಮಾಡಿ ಕಳಿಸಿದಳು.
ರಿಪೋರ್ಟ್ ಮತ್ತೆ ತೆರೆದರು. ತಿದ್ದಿದರು.

ಆ ವರ್ಷ ನನ್ನ ಪ್ರಶ್ನೆಪತ್ರಿಕೆಯನ್ನು ನಾನೇ ಟೈಪ್ ಮಾಡಿದೆ... ಯಾರ ಸಹಾಯವೂ ಇಲ್ಲದೆ.
ರಾಜೀನಾಮೆಯ ಮಾತು ಅಲ್ಲಿಗೆ ನಿಂತಿತು.
ಸಿಂದಗಿ, ಮುದ್ದೇಬಿಹಾಳದ ಅಂಧ ಗೆಳೆಯರೂ ಈಗ ಅದನ್ನೇ ಬಳಸುತ್ತಿದ್ದಾರೆ. ಇವತ್ತು ಎಲ್ಲರೂ ಫೋನ್ ಮಾಡಿ ಅತ್ತರು.

ಸುಜಾತಾ...
ರಕ್ತದ ಕ್ಯಾನ್ಸರ್ ಎಂದು ನೀನು ನಮಗೆ ಹೇಳಲೇ ಇಲ್ಲವಲ್ಲ...
"ಸ್ವಲ್ಪ ನಿಶ್ಶಕ್ತಿರಿ ಸರ" ಅಂದಿದ್ದೆ. ನಿಜ ಹೇಳಿದ್ದು ಮಿಲಿಂದ.
ಆಸ್ಪತ್ರೆಯ ಹಾಸಿಗೆಯಲ್ಲೂ ಲ್ಯಾಪ್‌ಟಾಪ್!
ಸಾಕು ಮಾಡವ್ವಾ ಅಂದರೆ, "ಸುಮ್ನ ಮಲಗಿ ಫ್ಯಾನ್ ನೋಡ್ಕೋತ ಕುಂದ್ರಲೇನ್ರಿ?" ಎಂದು ನನಗೇ ಜೋರು ಮಾಡಿದೆ.
ಹೋದ ವಾರ ದನಿ ಪೂರ್ತಿ ಸೋತಿತ್ತು.
"ಸರ, ಹೊಸಾ ವರ್ಷನ್‌ದಾಗ ಪೇಜ್ ನಂಬರ್ ಬಿಟ್ಟ್ ಓದಾಕತ್ತೈತಿ... ಬರ್ದ್ ಹಾಕೇನಿ. ನೀವೂ ಒಂದ್ ಸಲ ನೋಡ್ರಿ."
ಕೊನೆಯ ಮಾತು ಅದೇ ಆಯಿತು.
ಆ ಬಗ್ ಇನ್ನೂ ಹಾಗೇ ಇದೆ ತಂಗಿ... ಯಾರೂ ಉತ್ತರಿಸಿಲ್ಲ.
ನಿನ್ನ ವಯಸ್ಸಾದರೂ ಏನಿತ್ತು?

ಈಗಷ್ಟೇ ಇಂಡಿಯಿಂದ ವಾಪಸ್ ಬಂದೆ.
ಮನೆ ಮುಂದೆ ಬುದ್ಧವಂದನೆ ನಡೆದಿತ್ತು. ಅವಳ ಅವ್ವನ ಅಳು ವಂದನೆಯನ್ನೂ ಮೀರಿ ಕೇಳುತ್ತಿತ್ತು.
ಎಲ್ಲರೂ ಮುಖ ನೋಡಿ ಸರಿಯುತ್ತಿದ್ದರು.
ನಾನು ಏನು ಮಾಡಲಿ?... ದೂರ ನಿಂತಿದ್ದೆ.
ಮಿಲಿಂದ ಬಂದು ರಟ್ಟೆ ಹಿಡಿದ.
"ಬರ್ರಿ ಸರ. ನೀವೂ ನೋಡ್ರಿ."
ನನ್ನ ಕೈಯನ್ನು ಅವಳ ಕೈ ಮೇಲೆ ಇಟ್ಟ.

ಇಷ್ಟು ವರ್ಷ ನನಗೆ ಸುಜಾತಾ ಎಂದರೆ ಬರೀ ದನಿ... ಗಟ್ಟಿ ದನಿ, ಜಗಳಗಂಟಿ ದನಿ.
ಅವಳ ಕೈ ಇಷ್ಟು ಸಣ್ಣದೆಂದು ನನಗೆ ಗೊತ್ತೇ ಇರಲಿಲ್ಲ.
ತಣ್ಣಗಿತ್ತು.
ಸೂಜಿ ಚುಚ್ಚಿದ ಜಾಗದಲ್ಲಿ ಇನ್ನೂ ಪಟ್ಟಿ ಇತ್ತು...

ಮಲಗು ತಂಗಿ...
ಇನ್ನು ಸೂಜಿಯಿಲ್ಲ, ನೋವಿಲ್ಲ.
ನಿನಗೆ ಶಾಂತಿ ಸಿಗಲಿ. 🙏