ಶೆಟ್ಲಿ ಒಣಗಿಸುವ ಜಾಗ

ಬೆಳಿಗ್ಗೆ ಒಣ ಶೆಟ್ಲಿ ಹುರಿಯುತ್ತಿದ್ದೆ. ಹೊನ್ನಾವರದ ನಮಗೆ ಸೀಗಡಿ ಎಂದರೆ ಶೆಟ್ಲಿ. ಟಿ.ವಿ.ಯಲ್ಲಿ ಯಾವುದೋ ದೊಡ್ಡ ದೇಶಕ್ಕೆ ಹಿಮದ ದ್ವೀಪವೊಂದನ್ನು ಕೊಳ್ಳುವ ಆಸೆಯಾಗಿದೆ ಎಂಬ ಸುದ್ದಿ. ಸ್ಟುಡಿಯೋದಲ್ಲಿ ಕುಳಿತವರೆಲ್ಲ ಬೆಲೆ ಎಷ್ಟಾಗಬಹುದೆಂದೇ ಚರ್ಚಿಸುತ್ತಿದ್ದರು. ಶೆಟ್ಲಿಯ ವಾಸನೆ ನನ್ನನ್ನು ಚಿಕ್ಕಂದಿನ ನಮ್ಮ ಮನೆ ಮುಂದಿನ ಮರಳಿಗೆ ಎಳೆದೊಯ್ದಿತು.

ರಜೆಯಲ್ಲಿ ಕುಮಟಾದಿಂದ ಅತ್ತೆಯ ಮಗ ಗಣಪು ಬರುತ್ತಿದ್ದ. ಅವನ ಶಾಲೆಯ ಅಟ್ಲಾಸ್ ನೋಡಿ ಮರಳಲ್ಲಿ ಪ್ರಪಂಚ ಬರೆದು, ಕಪ್ಪೆಚಿಪ್ಪು ಕೊಟ್ಟು ದೇಶ ಕೊಳ್ಳುವುದು ನಮ್ಮಿಬ್ಬರ ಆಟ. ಒಂದು ದಿನ ಇದೇ ಹಿಮದ ದ್ವೀಪದ ಸರದಿ ಬಂದಾಗ ಅವನು, "ಬರೀ ಹಿಮ, ನಂಗೆ ಬ್ಯಾಡ" ಎಂದ. ನಾನು ಚಿಪ್ಪು ತೆಗೆದದ್ದೇ ತಡ, ತನ್ನಲ್ಲಿದ್ದದ್ದೆಲ್ಲ ಸುರಿದು ತಾನೇ ಕೊಂಡ.

"ಬ್ಯಾಡ ಅಂದಿದ್ಯಲ, ಈಗ ಎಂತಕೆ?"

"ನಿಂಗೆ ಸಿಗಬಾರ್ದು, ಅದ್ಕೆ."

ಅಷ್ಟರಲ್ಲಿ ಅಜ್ಜಿ ಬಂದರದಿಂದ ಶೆಟ್ಲಿ ಬುಟ್ಟಿ ಹೊತ್ತು ಬಂದಳು.

"ಎಂತ ಮಾಡ್ತೀರಿ?"

"ದೇಶ ಮಾರೂದು," ಎಂದ ಗಣಪು ಗತ್ತಿನಲ್ಲಿ.

"ಯಾರ್ನ ಕೇಳಿ ಮಾರಿದ್ರಿ? ಇದು ಶೆಟ್ಲಿ ಒಣಗ್ಸೂ ಜಾಗ."

ಬುಟ್ಟಿ ಮಗುಚಿ, ಅಮೆರಿಕ, ರಷ್ಯಾ ಒಂದನ್ನೂ ಬಿಡದೆ ಅಜ್ಜಿ ಶೆಟ್ಲಿ ಹರವಿದಳು. ಗಣಪುವಿನ ದ್ವೀಪ ಮುಚ್ಚಿಹೋಯಿತು.

"ನಾ ಚಿಪ್ಪು ಕೊಟ್ಟೆ," ಎಂದು ಅವನು ಅಳುಮುಖ ಮಾಡಿದ.

"ಯಾರಿಗೆ ಕೊಟ್ಟೆ? ನಂಗಂತೂ ಕೊಡ್ಲಿಲ್ಲ," ಎಂದು ಅಜ್ಜಿ ಸೊಂಟಕ್ಕೆ ಕೈಯಿಟ್ಟು ನಿಂತಳು. ಅಲ್ಲಿಗೆ ಪ್ರಪಂಚದ ವ್ಯಾಪಾರ ಮುಗಿಯಿತು.

ಆ ಹಿಮದ ದ್ವೀಪದಲ್ಲೂ ಜನ ಮೀನು ಒಣಗಿಸುತ್ತಾರಂತೆ. ನಾನು ಟಿ.ವಿ. ಬಂದ್ ಮಾಡಿದೆ. ಬೆಲೆ ಆಮೇಲೆ ಕಟ್ಟಿ. ಮೊದಲು ಅಲ್ಲಿಯ ಅಜ್ಜಿಯರ ಎದುರು ಹೋಗಿ ನಿಲ್ಲಿ, ನೋಡೋಣ.