ಹೋಗದ ಊರಿನ ದಾರಿ

ದುಬೈಯ ಶಿಕ್ಷಣ ಮೇಳದಲ್ಲಿ ಜರ್ಮನಿಯ ಹೈಡೆಲ್‌ಬರ್ಗ್ ನಗರದ ನಕ್ಷೆ ನೋಡುತ್ತಾ ಗೊಂದಲದಲ್ಲಿ ನಿಂತಿದ್ದ ಮಂಗಳೂರಿನ ಹುಡುಗಿಗೆ, ಮಗುವನ್ನು ಎತ್ತಿಕೊಂಡಿದ್ದ ನನ್ನ ಮಗಳು ದಾರಿ ಹೇಳತೊಡಗಿದಳು.

"ವಿಜ್ಞಾನ ವಿಭಾಗ ನದಿಯ ಆಚೆ ಬರ್ತದೆ. ನಕ್ಷತ್ರಗಳ ಸಂಶೋಧನಾ ಕೇಂದ್ರ ಗುಡ್ಡದ ಮೇಲೆ, ಬಸ್ಸು ಹೋಗ್ತದೆ."

"ನೀವು ಅಲ್ಲೇ ಓದಿದ್ದಾ ಅಕ್ಕಾ?"

"ಇಲ್ಲ ಮಾರಾಯ್ತಿ. ಸೀಟು ಸಿಕ್ಕಿತ್ತು, ಪಪ್ಪ ಬೇಡ ಅಂದ್ರು."

ಹಿಂದೆಯೇ ನಿಂತಿದ್ದ ನಾನು ತಲೆ ತಗ್ಗಿಸಿದೆ. ಐದು ವರ್ಷಗಳ ಹಿಂದೆ, ಹುಡುಗಿ ಒಬ್ಬಳೇ ಅಷ್ಟು ದೂರ ಯಾಕೆಂದು ಗದರಿಸಿ ಮದುವೆ ಗೊತ್ತು ಮಾಡಿದವನು ನಾನೇ. ಅವಳು ಎದುರಾಡಿರಲಿಲ್ಲ. ಎಲ್ಲ ಮರೆತಿದ್ದಾಳೆ ಎಂದುಕೊಂಡಿದ್ದೆ.

ಕಾರಿನಲ್ಲಿ ಆ ಮಾತು ಎತ್ತಿದೆ. "ಖಲಾಸ್ ಪಪ್ಪಾ, ಸಾಕು. ಮಗು ಮಲಗಿದೆ," ಎಂದು ಕಿಟಕಿಯತ್ತ ತಿರುಗಿದಳು.

ಅವಳ ಒಳ್ಳೆಯದಕ್ಕೇ ಹಾಗೆ ಮಾಡಿದೆ ಎಂದು ನೆಂಟರ ಮುಂದೆ ಹೇಳಿಕೊಳ್ಳುತ್ತಿದ್ದೆ. ಈಗ ಆ ಮಾತು ಬಾಯಿಗೆ ಬರುವುದಿಲ್ಲ.