ಹನ್ನೊಂದನೇ ನಂಬರು

ಸತ್ತವರ ದನಿ ಕೇಳಿಸಿತು, ಕನಸಿನಲ್ಲಿ ಬಂದು ಹೇಳಿಹೋದರು ಎಂದು ಯಾರಾದರೂ ಶುರು ಮಾಡಿದರೆ ಕಾಫಿ ಲೋಟ ಎತ್ತಿಕೊಂಡು ಅಡುಗೆಮನೆಗೆ ಎದ್ದುಹೋಗುತ್ತಿದ್ದವಳು ನಾನು. ಚಾಟ್ಸ್‌ವರ್ತ್‌ನಲ್ಲಿ ಆಸ್ಪತ್ರೆಯ ಉಪಕರಣ ತಯಾರಿಸುವ ಒಂದು ಸಣ್ಣ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ತಪಾಸಣೆಯ ಕೆಲಸ ಮಾಡಿದೆ. ಅಳತೆಗೆ ಸಿಗದ್ದನ್ನು ಪಾಸ್ ಮಾಡುವ ಅಭ್ಯಾಸ ನನಗಿರಲಿಲ್ಲ. ಎರಡು ವರ್ಷದ ಹಿಂದೆ ಚೀನಾದಲ್ಲಿ, ನಡುಮಧ್ಯಾಹ್ನದ ಬಿಸಿಲಿನಲ್ಲಿ, ಹದಿನಾರು ಜನರ ನಡುವೆ ನಿಂತಿದ್ದಾಗ ಆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನೀವು ನಂಬಲೇಬೇಕೆಂಬ ಹಟ ನನಗಿಲ್ಲ.

ಮೊದಲು ಸುಮಿತ್ರಳ ವಿಷಯ ಹೇಳಬೇಕು. ಅದನ್ನು ಬಿಟ್ಟು ಹೇಳಿದರೆ ನಾನು ಒಳ್ಳೆಯವಳಾಗಿ ಕಾಣುತ್ತೇನೆ.

ಸುಮಿತ್ರ ಧಾರವಾಡದವಳು, ನಾನು ಮೈಸೂರಿನವಳು. ಈ ದೇಶಕ್ಕೆ ಬಂದ ಹೊಸದರಲ್ಲಿ ಗ್ಲೆಂಡೇಲ್‌ನ ಒಂದೇ ಅಪಾರ್ಟ್‌ಮೆಂಟಿನಲ್ಲಿ ಎದುರುಬದುರು ಮನೆಯಲ್ಲಿದ್ದೆವು. ಆಮೇಲೆ ಅವಳ ಗಂಡ ಶ್ರೀಪತಿಯವರಿಗೆ ಸ್ಯಾನ್ ಡಿಯೇಗೋದಲ್ಲಿ ಕೆಲಸ ಸಿಕ್ಕಿ ಅವರು ಅಲ್ಲಿಗೆ ಹೋದರು. ಮಾತು ಮಾತ್ರ ಒಂದು ದಿನವೂ ನಿಲ್ಲಲಿಲ್ಲ. ಚೀನಾದ ಲೀ ನದಿಯ ಚಿತ್ರವೊಂದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡು, ರಿಟೈರ್ ಆದ ಮೇಲೆ ಇಲ್ಲಿಗೆ ಹೋಗೋದೇ ಎಂದು ಕೂತವಳು ಅವಳೇ. ನಮ್ಮ ಕಡೆಯ ನಿವೃತ್ತರನ್ನೆಲ್ಲ ಸೇರಿಸಿ ನಾಗೇಂದ್ರ ಎಂಬವರು 2020ರ ವಸಂತಕ್ಕೆ ಹದಿನೆಂಟು ಜನರ ಟೂರ್ ಗೊತ್ತು ಮಾಡಿದರು. ಆ ವಸಂತದಲ್ಲಿ ಯಾರ ಟೂರ್ ಏನಾಯಿತೆಂದು ನಿಮಗೆ ಗೊತ್ತೇ ಇದೆ.

ಆ ವರ್ಷವೇ ಸುಮಿತ್ರಳಿಗೆ ಕ್ಯಾನ್ಸರ್ ಎಂದು ಗೊತ್ತಾಯಿತು. ಮರುವರ್ಷದ ಜನವರಿಯ ಹೊತ್ತಿಗೆ ಡಾಕ್ಟರುಗಳು ಕೈಬಿಟ್ಟು ಮನೆಗೆ ಕಳಿಸಿದ್ದರು. ಶ್ರೀಪತಿ ಫೋನ್ ಮಾಡಿದರು. "ಒಂದ್ಸಲ ಬಂದು ಹೋಗ್ರಿ. ಒಳಗ ಬರೂದು ಬ್ಯಾಡ. ಕಿಟಕಿ ಹೊರಗ ನಿಂತ್ರೂ ಸಾಕು, ಆಕಿ ನೋಡ್ತಾಳ."

"ವ್ಯಾಕ್ಸಿನ್ ಬರ್ತಾ ಇದೆಯಲ್ಲ, ಎರಡು ವಾರ ಬಿಟ್ಟು ಖಂಡಿತ ಬರ್ತೀನಿ" ಅಂದೆ.

ಅವಳು ಒಂಬತ್ತನೇ ದಿನ ಹೋದಳು. ಆ ಒಂಬತ್ತು ದಿನದೊಳಗೇ ನಾನು ಸಂಕ್ರಾಂತಿಯ ಎಳ್ಳುಬೆಲ್ಲಕ್ಕೆಂದು ನಮ್ಮವರ ಅಂಗಡಿಗಳಿರುವ ಆರ್ಟೀಸಿಯಾಕ್ಕೆ ಡ್ರೈವ್ ಮಾಡಿಕೊಂಡು ಹೋಗಿ, ಅಂಗಡಿಯ ಹೊರಗೆ ಮುಕ್ಕಾಲು ಗಂಟೆ ಕ್ಯೂನಲ್ಲಿ ನಿಂತಿದ್ದೆ. ಅಲ್ಲಿ ನನ್ನನ್ನು ನೋಡಿದವರು ಯಾರೋ ಶ್ರೀಪತಿಯವರಿಗೆ ಹೇಳಿದರು. ಕಿಟಕಿಯ ಹೊರಗೆ ನಿಂತರೆ ಸೋಂಕು ತಗಲುವುದಿಲ್ಲವೆಂದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಅವಳ ಮುಖ ಹೇಗಾಗಿರುತ್ತದೋ ಎಂಬ ಭಯಕ್ಕೆ ಸೋಂಕಿನ ಹೆಸರು ಕೊಟ್ಟೆ, ಅಷ್ಟೆ. ಅಂತ್ಯಕ್ರಿಯೆಯನ್ನು ಕಂಪ್ಯೂಟರಿನಲ್ಲಿ ನೋಡಿದೆ. ಶ್ರೀಪತಿ ಅಂದಿನಿಂದ ನನ್ನೊಡನೆ ಮಾತು ಬಿಟ್ಟರು.

ನಾಲ್ಕು ವರ್ಷದ ಮೇಲೆ ನಾಗೇಂದ್ರ ಮತ್ತೆ ಅದೇ ಟೂರ್ ಎತ್ತಿದರು. ಬೇಡವೆಂದುಕೊಂಡವಳು ಶ್ರೀಪತಿಯವರೂ ಹೊರಟಿದ್ದಾರೆಂದು ತಿಳಿದು ಹೆಸರು ಕೊಟ್ಟೆ. ಹತ್ತು ದಿನ ಒಂದೇ ಬಸ್ಸಿನಲ್ಲಿ ಓಡಾಡುವಾಗ ಅವರು ನನ್ನೊಡನೆ ಒಂದು ಮಾತಾದರೂ ಆಡಿಯಾರು ಎಂಬ ಆಸೆ. ಬೈದರೂ ಸರಿ ಅನ್ನಿಸಿತ್ತು.

ನಾಗೇಂದ್ರ ಹಳೆಯ ಪಟ್ಟಿಯನ್ನೇ ತೆಗೆದಿಟ್ಟುಕೊಂಡಿದ್ದರು. 2020ರಲ್ಲೇ ಎಲ್ಲರಿಗೂ ಒಂದೊಂದು ನಂಬರು ಹಾಕಿ ಸೂಟ್‌ಕೇಸಿನ ಟ್ಯಾಗುಗಳನ್ನು ಪ್ರಿಂಟ್ ಮಾಡಿಸಿದ್ದರು, ಅವನ್ನು ಬಿಸಾಡಲು ಅವರಿಗೆ ಮನಸ್ಸಿಲ್ಲ. ಶ್ರೀಪತಿ ಹತ್ತು, ಸುಮಿತ್ರ ಹನ್ನೊಂದು, ನಾನು ಹನ್ನೆರಡು. ಬರಲಾಗದ ಇಬ್ಬರ ನಂಬರನ್ನು ಹೊಸಬರು ತೆಗೆದುಕೊಂಡರು. ಹನ್ನೊಂದನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಎಲ್ಲರೂ ಇಂಜಿನಿಯರುಗಳು, ಡಾಕ್ಟರುಗಳು. ಯಾವ ಮೂಢನಂಬಿಕೆಯೂ ಇಲ್ಲದವರು. ಆದರೂ "ಅದೊಂದು ಖಾಲಿ ಇರ್ಲಿ ಬಿಡಿ" ಅಂದರು. ಹೀಗೆ ಹದಿನೇಳು ಜನ ಹದಿನೆಂಟು ನಂಬರು ಇಟ್ಟುಕೊಂಡು ವಿಮಾನ ಹತ್ತಿದೆವು.

ಅಲ್ಲಿಯ ಗೈಡ್ ಟೋನಿ ಎಂದು ಹೆಸರಿಟ್ಟುಕೊಂಡಿದ್ದ ನಡುವಯಸ್ಸಿನ ಗಂಡಸು. ಬಸ್ಸು ಹತ್ತಿ ಇಳಿಯುವಾಗಲೆಲ್ಲ ನಾವು ಸಾಲಾಗಿ ನಿಂತು ನಮ್ಮ ನಮ್ಮ ನಂಬರನ್ನು ಕನ್ನಡದಲ್ಲಿ ಕೂಗಬೇಕು, ಅವನು ಕಾಗದದಲ್ಲಿ ಟಿಕ್ ಹಾಕುತ್ತಾನೆ. ಬೇರೆ ಟೂರಿನವರ ನಂಬರಿನ ಜೊತೆ ಕಲಸುಮೇಲೋಗರವಾಗದಿರಲಿ ಎಂದು ನಾಗೇಂದ್ರ ಮಾಡಿದ ಉಪಾಯ. ಮೂರು ದಿನಕ್ಕೆ ಟೋನಿ ಹದಿನೆಂಟರವರೆಗೂ ಕಲಿತುಬಿಟ್ಟ. ಶ್ರೀಪತಿ ಹತ್ತು ಅಂದ ಮೇಲೆ ಒಂದು ಉಸಿರಿನಷ್ಟು ಹೊತ್ತು ಎಲ್ಲರೂ ಸುಮ್ಮನಿರುತ್ತಿದ್ದರು. ಆಮೇಲೆ ನಾನು ಹನ್ನೆರಡು ಅನ್ನುತ್ತಿದ್ದೆ. ದಿನಕ್ಕೆ ಆರೇಳು ಸಲ ಆ ಶಿಕ್ಷೆ. ಹಾಲು ಕದ್ದ ಬೆಕ್ಕಿನ ಹಾಗೆ ಅವರ ಬೆನ್ನ ಹಿಂದೆ ನಿಂತು ನನ್ನ ಸರದಿಗೆ ಕಾಯುತ್ತಿದ್ದೆ.

ನಾಲ್ಕನೆಯ ದಿನ ಲೀ ನದಿಯ ಕ್ರೂಸ್. ಬೆಳಿಗ್ಗೆ ಗ್ವಿಲಿನ್ ಊರಿನ ಹತ್ತಿರ ಹಡಗು ಹತ್ತಿದರೆ ನಾಲ್ಕು ಗಂಟೆ ಕೆಳಗೆ ತೇಲಿ ಯಾಂಗ್‌ಶುವೋದಲ್ಲಿ ಇಳಿಯುವುದು. ಎರಡೂ ದಡದಲ್ಲಿ ಮೊನಚು ಮೊನಚು ಹಸಿರು ಗುಡ್ಡಗಳು, ನಡುವೆ ತಿಳಿಯಾದ ನೀರು. ಫ್ರಿಜ್ಜಿನ ಮೇಲಿದ್ದ ಚಿತ್ರದಷ್ಟೇ ಚೆನ್ನಾಗಿತ್ತು, ಅದಕ್ಕೇ ನನಗೆ ನೋಡಲಾಗಲಿಲ್ಲ. ಒಂದು ಬಂಡೆಯಲ್ಲಿ ಒಂಬತ್ತು ಕುದುರೆಗಳು ಕಾಣುತ್ತವೆಂದು ಟೋನಿ ಮೈಕಿನಲ್ಲಿ ಹೇಳುತ್ತಿದ್ದಾಗ ನಮ್ಮವರು ಕೆಳಗಿನ ಹಾಲ್‌ನಲ್ಲಿ ಕೂತು ಚಪಾತಿ, ಚಟ್ನಿಪುಡಿ ಬಿಚ್ಚಿಕೊಂಡು, ಯಾರ ಮಗಳ ಮನೆ ಎಷ್ಟು ದೊಡ್ಡದೆಂಬ ಮಾತಿನಲ್ಲಿದ್ದರು. ಶ್ರೀಪತಿ ಮೇಲಿನ ಡೆಕ್ಕಿನಲ್ಲಿ ಒಬ್ಬರೇ ನಿಂತಿದ್ದರು. ನಾನು ಮೆಟ್ಟಿಲವರೆಗೆ ಎರಡು ಸಲ ಹೋಗಿ ವಾಪಸ್ ಬಂದೆ.

ಯಾಂಗ್‌ಶುವೋ ದಡದಲ್ಲಿ ಜನಜಂಗುಳಿ. ಟೋನಿ ಬಾವುಟ ಎತ್ತಿ ನಮ್ಮನ್ನು ಒಂದು ಗೋಡೆಯ ಪಕ್ಕ ನಿಲ್ಲಿಸಿಕೊಂಡ. ಒಂದು, ಎರಡು, ಮೂರು ಎಂದು ಶುರುವಾಯಿತು. ನನ್ನ ಎದುರಿಗೆ ಶ್ರೀಪತಿಯವರ ಬೆನ್ನು, ನೀಲಿ ಟೋಪಿ. ಹತ್ತು ಅಂದರು.

"ಹನ್ನೊಂದ್ ರೀ."

ಹೆಣ್ಣುದನಿ. ಜೋರಿಲ್ಲ, ಪಿಸುಗುಟ್ಟಿದ್ದೂ ಅಲ್ಲ. ಗ್ಲೆಂಡೇಲ್‌ನಲ್ಲಿ ಬಾಗಿಲು ತಟ್ಟಿದರೆ ಸುಮಿತ್ರ ಒಳಗಿನಿಂದ ಬಂದೆ ರೀ ಎನ್ನುತ್ತಿದ್ದಳಲ್ಲ, ಅದೇ ದನಿ. ಹನ್ನೆರಡು ಎಂದು ಕೂಗಿಬಿಟ್ಟೆ. ನನ್ನ ಹಿಂದಿನವರು ಹದಿಮೂರು ಅಂದರು, ಸಾಲು ಮುಂದುವರಿಯಿತು.

"ಎಯ್ಟೀನ್, ಆಲ್ ಹಿಯರ್" ಅಂದ ಟೋನಿ.

"ಸೆವೆಂಟೀನ್ ಕಣಯ್ಯ" ಎಂದು ನಾಗೇಂದ್ರ ನಕ್ಕರು. ಟೋನಿ ಕಾಗದ ನೋಡಿದ. ನಾನೂ ಹೋಗಿ ಬಗ್ಗಿ ನೋಡಿದೆ. ಮೂರು ದಿನವೂ ಖಾಲಿ ಇದ್ದ ಹನ್ನೊಂದರ ಮುಂದೆ ಟಿಕ್ ಇತ್ತು. ಯಾರು ಹೇಳಿದರು ಎಂದು ಕೇಳಿದೆ. ತಾನು ಮುಖ ನೋಡುವುದಿಲ್ಲ, ಕೇಳಿಸಿದ್ದಕ್ಕೆ ಗೀಟು ಹಾಕುತ್ತೇನೆ ಎಂದು ಅದನ್ನು ಹೊಡೆದುಹಾಕಿದ. ಹದಿಮೂರನೆಯವರನ್ನು ಕೇಳಿದರೆ, ಈ ಗಲಾಟೆಯಲ್ಲಿ ನಂಗೇನೂ ಕೇಳಿಸಲಿಲ್ಲಪ್ಪ ಅಂದರು.

ಬಸ್ಸಿನಲ್ಲಿ ಧೈರ್ಯ ಮಾಡಿ ಶ್ರೀಪತಿಯವರ ಪಕ್ಕದ ಸೀಟಿಗೆ ಹೋದೆ. "ನಿಮಗೆ ಕೇಳಿಸ್ತಾ? ಸುಮಿ ದನಿ" ಅಂದೆ.

ಅವರು ಕಿಟಕಿಯಿಂದ ಮುಖ ತಿರುಗಿಸಲಿಲ್ಲ. "ಅವತ್ತ ನೀವು ಬರಲಿಲ್ಲ. ಇವತ್ತ ಆಕಿ ಬಂದಿದ್ಲು ಅಂತ ನನ್ನ ಮುಂದ ಹೇಳಬ್ಯಾಡ್ರಿ."

ನಾಲ್ಕು ವರ್ಷದಲ್ಲಿ ಅವರು ನನ್ನೊಡನೆ ಆಡಿದ ಮೊದಲ ಮಾತು ಅದು. ಉಳಿದ ಆರು ದಿನ ನಾನು ಅವರ ಹತ್ತಿರ ಸುಳಿಯಲಿಲ್ಲ. ಹನ್ನೊಂದು ಮತ್ತೆ ಕೇಳಿಸಲೂ ಇಲ್ಲ.

ಚಾಟ್ಸ್‌ವರ್ತ್‌ಗೆ ಬಂದ ಮೇಲೆ ನನ್ನ ಹಳೆಯ ವೃತ್ತಿಯ ಪ್ರಕಾರ ಒಂದೊಂದನ್ನೇ ಪರೀಕ್ಷಿಸಿದೆ. ಟೋನಿಯ ಕೈ ತಪ್ಪಿರಬಹುದು. ಬೇರೆ ಗುಂಪಿನ ಯಾರದೋ ಮಾತಿರಬಹುದು. ನನ್ನ ಅಪರಾಧವೇ ನನ್ನ ಕಿವಿಯೊಳಗೆ ಕೂತು ಕೂಗಿರಬಹುದು. ಬಿಡಿಬಿಡಿಯಾಗಿ ಎಲ್ಲವೂ ಪಾಸಾಗುತ್ತವೆ. ಅವನ ಕೈ ಮತ್ತು ನನ್ನ ಕಿವಿ ಒಂದೇ ಗಳಿಗೆಯಲ್ಲಿ ತಪ್ಪಿದ್ದು ಹೇಗೆ ಎಂಬಲ್ಲಿ ನಿಂತುಬಿಡುತ್ತೇನೆ.

ಎರಡು ತಿಂಗಳ ಮೇಲೆ, ಒಂದು ಭಾನುವಾರ ಮಧ್ಯಾಹ್ನ, ಸ್ಯಾನ್ ಡಿಯೇಗೋದಿಂದ ಶ್ರೀಪತಿ ಫೋನ್ ಮಾಡಿದರು. ಹೇಗಿದ್ದೀರಿ ಎಂದೂ ಕೇಳಲಿಲ್ಲ.

"ನನಗೂ ಕೇಳಿಸಿತ್ರಿ" ಅಂದರು. ಆಮೇಲೆ ಹೇಳಿದರು, "ನೀವು ಯಾಕ ಅಷ್ಟು ಗಡಿಬಿಡಿ ಮಾಡಿ ಹನ್ನೆರಡು ಅಂದ್ರಿ? ಆಕಿ ಮುಂದ ಇನ್ನೇನರ ಹೇಳಾಕಿ ಇದ್ಲೇನೋ."

ನಾನು ಏನಾದರೂ ಹೇಳುವ ಮೊದಲೇ ಫೋನ್ ಇಟ್ಟರು. ಮತ್ತೆ ಮಾಡಿಲ್ಲ.

ಆ ದನಿ ಏನೆಂದು ನನಗೆ ಇಂದಿಗೂ ಗೊತ್ತಿಲ್ಲ. ಯಾಕೆ ಗಡಿಬಿಡಿ ಮಾಡಿದೆ ಎಂಬುದು ಮಾತ್ರ ಗೊತ್ತು. ಅವಳು ನನ್ನ ಹೆಸರು ಹಿಡಿದು ಕರೆದುಬಿಟ್ಟರೆ ಎಂದು ಹೆದರಿದ್ದೆ.